ಹುಳದ ಬಾಯಿಂದ ಸೂಜಿಯ ಮೊನೆವರೆಗೆ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಹುಟ್ಟುವುದು ಬೆರಳ ತುದಿಯಲ್ಲಿ. ರೈತ ಇನ್ನೂ ಕತ್ತಲಿರುವಾಗಲೇ ಊರು ಬಿಟ್ಟು ಬಂದು ಲಾಟು ಸುರಿದಿರುತ್ತಾನೆ. ಗೂಡು ಕೊಂಡು ನೂಲು ಬಿಚ್ಚುವ ರೀಲರು ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ಗೂಡು ಮೇಲೆತ್ತುತ್ತಾನೆ. ಹೆಬ್ಬೆರಳು ತೋರುಬೆರಳ ನಡುವೆ ಒಂದನ್ನು ಹಿಡಿದು ಒತ್ತುತ್ತಾನೆ. ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಹುಳ ಸಡಿಲವಾಗಿ ಆಡಿದರೆ ಗೂಡು ಒಳ್ಳೆಯದು, ಸತ್ತು ಗೋಡೆಗೆ ಅಂಟಿಕೊಂಡಿದ್ದರೆ ಬಿಚ್ಚುವಾಗ ಎಳೆ ಕಪ್ಪಾಗುತ್ತದೆ. ಹರಾಜು ಈಗ ಮೊಬೈಲಿಗೆ ಬಂದಿದೆ, ಹಣ ನೇರ ಖಾತೆಗೆ ಬೀಳುತ್ತದೆ. ಆದರೆ ಬಿಡ್ ಹಾಕುವ ಮುಂಚಿನ ಆ ಒತ್ತಿ ನೋಡುವಿಕೆ ಬದಲಾಗಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಇಂದಿಗೂ ಚರ್ಮದ ಸ್ಪರ್ಶದ ಮೇಲೆ ನಿಂತಿದೆ.

ನಾನು ಹುಟ್ಟಿದ್ದು ಮರಳವಾಡಿ ಹೋಬಳಿಯ ಹುಳ ಸಾಕುವ ಮನೆಯಲ್ಲಿ. ಆಗ ಅದು ಕನಕಪುರ ತಾಲ್ಲೂಕು, ಈಗ ಹಾರೋಹಳ್ಳಿಗೆ ಸೇರಿದೆ. ಭೌತಶಾಸ್ತ್ರ ಓದಿ ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ನಡೆಸುವ ಕೆಲಸಕ್ಕೆ ಸೇರಿದೆ. ಎಎಫ್‌ಎಂ ಎಂದು ಕರೆಯುವ ಈ ಯಂತ್ರಕ್ಕೆ ಮೈಕ್ರೋಸ್ಕೋಪ್ ಎಂಬ ಹೆಸರಿದ್ದರೂ ಇದು ಬೆಳಕಿನಿಂದ ನೋಡುವುದಿಲ್ಲ, ಮುಟ್ಟಿ ನೋಡುತ್ತದೆ. ಅದಕ್ಕೇ ಇರಬೇಕು, ಮೊದಲ ಸಲ ಅದರ ಮುಂದೆ ಕೂತಾಗಲೇ ನನಗೆ ಪರಿಚಯದ್ದೆನಿಸಿತು.

ನಮ್ಮ ಸೀಮೆಯ ರೇಷ್ಮೆಯ ಚರಿತ್ರೆಯನ್ನು ಅರಮನೆ, ಸೀರೆ, ಜರಿಯ ಕಡೆಯಿಂದ ಬರೆದವರು ಬಹಳ ಮಂದಿ. ನನಗೆ ಅದು ಬೇರೆ ದಿಕ್ಕಿನಿಂದ ಕಾಣುತ್ತದೆ. ಹುಳವನ್ನೂ ಎಳೆಯನ್ನೂ ಯಾರು, ಯಾವುದರಿಂದ, ಎಷ್ಟು ಹತ್ತಿರ ಹೋಗಿ ನೋಡಿದರು ಎನ್ನುವುದೇ ಇದರ ನಿಜವಾದ ಚರಿತ್ರೆ. ಹತ್ತಿರ ಹೋಗಿ ನೋಡಿದಾಗಲೆಲ್ಲ ಈ ಕಸುಬು ಚೇತರಿಸಿಕೊಂಡಿದೆ. ಹಾಗೆ ನೋಡುವವರಿಲ್ಲದ ಕಾಲದಲ್ಲಿ ಸೊರಗಿದೆ.

ಟಿಪ್ಪು ಸುಲ್ತಾನನಿಂದಲೇ ಆರಂಭಿಸಬೇಕು. 1786ರಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಒಂದು ಪತ್ರವಿದೆ. ಹುಳ ತರಲೆಂದು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಹಿಂದಿರುಗುತ್ತಿದ್ದಾರೆ ಎಂಬ ಸುದ್ದಿ ಅದರಲ್ಲಿದೆ. ಸುದ್ದಿಯ ಹಿಂದೆಯೇ ಆಜ್ಞೆಗಳು: ಹುಳ ಇಡಲು ಎಂಥ ಜಾಗ ಆಗಬೇಕು ಎಂದು ತಂದವರನ್ನೇ ಕೇಳಿ ಒದಗಿಸು, ಮೊದಲೇ ನೆಡಲು ಹೇಳಿದ್ದ ಹಿಪ್ಪುನೇರಳೆಯ ಸೊಪ್ಪು ಕೊಡು, ಎಷ್ಟು ಹುಳ ಬಂದವೋ ಲೆಕ್ಕ ಬರೆದು ಕಳಿಸು, ಅವನ್ನು ಹೆಚ್ಚಿಸುವ ಬಗೆ ಏನೆಂದು ತಿಳಿಸು. ಆ ಪತ್ರದ ಇಂಗ್ಲಿಷ್ ಅನುವಾದವನ್ನು ಮೊದಲು ಓದಿದಾಗ ನನ್ನ ಮನಸ್ಸು ನಿಂತದ್ದು ಈ ವಿಚಾರಣೆಯ ಮೇಲೆ. ಯುದ್ಧದ ಒತ್ತಡದಲ್ಲಿದ್ದ ದೊರೆಯೊಬ್ಬ ಹುಳದ ಮನೆ ಹೇಗಿರಬೇಕೆಂದು ಕೇಳುತ್ತಿದ್ದಾನೆ. ಮಸ್ಕತ್ತಿನಿಂದಲೂ ಮೊಟ್ಟೆ ಮತ್ತು ಸಾಕಲು ಬಲ್ಲ ಆಳುಗಳನ್ನು ಕಳಿಸಲು ಅವನು ಬರೆಸಿದ. ರಾಜ್ಯದ 21 ಕಡೆ ಹುಳ ಸಾಕಣೆ ನಡೆಯಬೇಕೆಂಬ ಆಜ್ಞೆಯೂ ಹೊರಟಿತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಸರ್ಕಾರದ ಕಣ್ಣು ಹೋಯಿತು, ಹುಳ ಮಾತ್ರ ಹಳ್ಳಿಮನೆಗಳಲ್ಲಿ ಉಳಿಯಿತು. ನಮ್ಮ ಹವೆಗೆ ಒಗ್ಗಿ, ವರ್ಷವಿಡೀ ಪೀಳಿಗೆಯ ಮೇಲೆ ಪೀಳಿಗೆ ಕಾಣುವ, ತುದಿ ಚೂಪಾದ ತಿಳಿ ಹಸಿರು ಗೂಡು ಕಟ್ಟುವ ಆ ಹುಳಕ್ಕೆ ಇವತ್ತು ಶುದ್ಧ ಮೈಸೂರು ತಳಿ ಎನ್ನುತ್ತೇವೆ.

1860ರ ದಶಕದಲ್ಲಿ ರೋಗ ಬಡಿದು ಮೈಸೂರು ಸೀಮೆಯ ಹುಳಗಳು ರಾಶಿರಾಶಿಯಾಗಿ ಸತ್ತವು. ಸಿನ್ಯೋರ್ ಡಿ ವೆಚ್ಚಿ ಎಂಬ ಇಟಲಿಯವರು ಜಪಾನಿನಿಂದ ಮೊಟ್ಟೆ ತರಿಸಿ ಹಂಚಿದರು. ಕೆಂಗೇರಿಯಲ್ಲಿ ಉಗಿಯಂತ್ರದ ನೂಲು ಬಿಚ್ಚುವ ಕಾರ್ಖಾನೆಯನ್ನೂ ತೆರೆದರು. ಹೊರಗಿನ ಮೊಟ್ಟೆಯಿಂದ ಹುಟ್ಟಿದ ಹುಳ ಒಂದೆರಡು ಬೆಳೆಗೆ ಚೆನ್ನಾಗಿ ಬಂದು ಆಮೇಲೆ ಕುಗ್ಗಿತು. 1896ರಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿ ಕಡೆ ಜಪಾನಿ ತಜ್ಞ ದಂಪತಿಯನ್ನು ಕರೆಸಿ ಮಾದರಿ ಫಾರಂ ನಡೆಸಿದರು. ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಾಗಿ ಅದು ಉಳಿದಿದೆ. ಇವೆಲ್ಲ ಒಳ್ಳೆಯ ಪ್ರಯತ್ನಗಳೇ. ಆದರೆ ಹುಳ ಏಕೆ ಸಾಯುತ್ತಿದೆ ಎನ್ನುವ ಪ್ರಶ್ನೆ ರೈತನ ಅಂಗಳದಲ್ಲಿ ಹಾಗೆಯೇ ಬಿದ್ದಿತ್ತು.

ಉತ್ತರ ಅಷ್ಟು ಹೊತ್ತಿಗೆ ಫ್ರಾನ್ಸಿನಲ್ಲಿ ಸಿಕ್ಕಿತ್ತು. 1865ರಿಂದ 1870ರವರೆಗೆ ಲೂಯಿ ಪಾಶ್ಚರ್ ಅಲೆಸ್ ಎಂಬ ಊರಿನ ಆಸುಪಾಸಿನಲ್ಲಿ ಹುಳಗಳ ನಡುವೆಯೇ ಕಾಲ ಕಳೆದು ಪೆಬ್ರಿನ್ ರೋಗದ ಜಾಡು ಹಿಡಿದಿದ್ದರು. ನಮ್ಮ ಕಡೆ ಗಂಟು ರೋಗ ಎನ್ನುವುದು ಇದಕ್ಕೇ. ತಾಯಿ ಚಿಟ್ಟೆಯ ಒಡಲಿನಲ್ಲಿ ರೋಗದ ಬೀಜಾಣು ಇದ್ದರೆ ಮೊಟ್ಟೆಯೊಳಕ್ಕೂ ಇಳಿಯುತ್ತದೆ. ಆದ್ದರಿಂದ ಮೊಟ್ಟೆ ಇಟ್ಟು ಮುಗಿಸಿದ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಬೀಜಾಣು ಕಂಡರೆ ಆ ಚಿಟ್ಟೆಯ ಮೊಟ್ಟೆಯೆಲ್ಲ ಬೆಂಕಿಗೆ. ಈ ಪದ್ಧತಿ ನಮ್ಮ ಸೀಮೆಗೆ ಸರ್ಕಾರದ ವತಿಯಿಂದ ಬೇರೂರಿದ್ದು ಚನ್ನಪಟ್ಟಣದಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913–14ರ ಸುಮಾರಿಗೆ, ರೇಷ್ಮೆ ಇಲಾಖೆ ರೂಪುಗೊಂಡಿತು. ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಸಿ ಚನ್ನಪಟ್ಟಣದ ಫಾರಂ ವಹಿಸಿದರು. ಮೈಸೂರು ಹುಳಕ್ಕೆ ಹೊರದೇಶದ ಹುಳವನ್ನು ಕೂಡಿಸಿ ಮಿಶ್ರತಳಿ ತೆಗೆಯುವ ಕೆಲಸವೂ ಅಲ್ಲೇ ಆರಂಭವಾಯಿತು. ‘ಕೆಲವು ನೆನಪುಗಳು’ ಬರೆದ ನವರತ್ನ ರಾಮರಾಯರನ್ನು ಕನ್ನಡ ಓದುಗರು ಸಾಹಿತಿಯಾಗಿ ಬಲ್ಲರು. ರೇಷ್ಮೆ ಇಲಾಖೆಯ ಹೊಣೆ ಹೊತ್ತು ಅದನ್ನು ನಡೆಸಿದವರೂ ಅವರೇ ಎಂಬುದು ನಮ್ಮ ಸೀಮೆಯವರಿಗೆ ಇನ್ನೊಂದು ಸಂತೋಷ.

ಸೂಕ್ಷ್ಮದರ್ಶಕ ನೋಡುವ ಹೆಂಗಸರನ್ನು ನಾನು ಮೊದಲು ಕಂಡದ್ದು ವಿಶ್ವವಿದ್ಯಾನಿಲಯದಲ್ಲಲ್ಲ, ಹುಳದ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ. ನನ್ನ ಚಿಕ್ಕಮ್ಮ ಅಲ್ಲಿ ದಿನಗೂಲಿಗೆ ಹೋಗುತ್ತಿದ್ದಳು. ಒಂದೊಂದು ಹೆಣ್ಣು ಚಿಟ್ಟೆಯನ್ನೂ ಹಾಳೆಯ ಮೇಲೆ ಬೇರೆ ಬೇರೆ ಬಟ್ಟಲಿನಡಿ ಕವಿಚಿ ಕತ್ತಲಲ್ಲಿ ಬಿಟ್ಟರೆ ಅದು ಸುಮಾರು ನಾನೂರು ಮೊಟ್ಟೆಯನ್ನು ದುಂಡಗೆ ಇಡುತ್ತದೆ. ಮಾರನೆಯ ದಿನ ಚಿಟ್ಟೆಯನ್ನು ಪುಟ್ಟ ಕಲ್ಲಿನಲ್ಲಿ ಕ್ಷಾರದ ನೀರಿನ ಜೊತೆ ಅರೆದು, ಗಾಜಿನ ಪಟ್ಟಿಯ ಮೇಲೆ ಹನಿ ಬಿಟ್ಟು, ಸಾಲಾಗಿ ಜೋಡಿಸಿ ಕೊಡುವುದು ಚಿಕ್ಕಮ್ಮನ ಪಾಲಿನ ಕೆಲಸ. ಯಾವ ಪಟ್ಟಿ ಯಾವ ಚಿಟ್ಟೆಯದು ಎನ್ನುವ ಲೆಕ್ಕ ತಪ್ಪಬಾರದು. ಪೆಬ್ರಿನ್ ಬೀಜಾಣು ಸುಮಾರು ನಾಲ್ಕು ಮೈಕ್ರೋಮೀಟರ್ ಉದ್ದ, ಮೊಟ್ಟೆಯಾಕಾರ, ಹೊಳಪು. ಒಂದು ಮಿಲಿಮೀಟರಿನಲ್ಲಿ ಇನ್ನೂರೈವತ್ತನ್ನು ಸಾಲು ನಿಲ್ಲಿಸಬಹುದು. ಎಣ್ಣೆಯ ಹನಿಯೂ ಹಾಗೇ ಕಾಣುತ್ತದೆ, ಆದರೆ ಎಣ್ಣೆ ದುಂಡಗಿರುತ್ತದೆ. ಅಲ್ಲಿ ದಿನವಿಡೀ ಕಣ್ಣು ಕೊಳವೆಗೆ ಹಚ್ಚಿ ಕೂರುತ್ತಿದ್ದ ಹೆಂಗಸೊಬ್ಬರು ನನ್ನನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಎರಡನ್ನೂ ತೋರಿಸಿ ವ್ಯತ್ಯಾಸ ಹೇಳಿದರು. ನಾನು ಇವತ್ತು ಮಾಡುವ ಕೆಲಸದ ಮೊದಲ ಪಾಠ ಅದು. ಮರಳವಾಡಿ ಸೀಮೆಯ ಸಾವಿರಾರು ಕುಟುಂಬಗಳ ಬೆಳೆ ಇಂಥ ಹೆಂಗಸರ ಕಣ್ಣಿನ ಮೇಲೆ ನಡೆದಿದೆ. ಅವರ ಹೆಸರು ಯಾವ ಗೆಜೆಟಿಯರಿನಲ್ಲೂ ಬಂದಿಲ್ಲ. ಬರಬೇಕಿತ್ತು.

ಮುಂದಿನ ದಶಕಗಳನ್ನು ಬೇಗ ದಾಟುತ್ತೇನೆ. 1930ರ ಹೊತ್ತಿಗೆ ಜಪಾನಿನ ಅಗ್ಗದ ರೇಷ್ಮೆ, ಕೃತಕ ರೇಷ್ಮೆ, ಜಗತ್ತಿನ ಆರ್ಥಿಕ ಕುಸಿತ ಮೂರೂ ಸೇರಿ ಬೆಲೆ ನೆಲ ಕಚ್ಚಿತು. ಚನ್ನಪಟ್ಟಣದಲ್ಲಿ 1936ರಲ್ಲಿ ಸ್ಪನ್ ಸಿಲ್ಕ್ ಗಿರಣಿ ಬಂದು, ಬಿಚ್ಚಲು ಬಾರದ ತೂತು ಗೂಡಿಗೂ ನೂಲಿನ ತ್ಯಾಜ್ಯಕ್ಕೂ ಬೆಲೆ ಕಟ್ಟಿತು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆಂದು ರೇಷ್ಮೆಗೆ ಬೇಡಿಕೆ ಏರಿತು. ಅಲ್ಲಿಯವರೆಗೂ ವ್ಯಾಪಾರ ನಡೆಯುತ್ತಿದ್ದದ್ದು ಬಹುಪಾಲು ಮನೆಬಾಗಿಲಲ್ಲಿ. ರೀಲರು ಬಂದು, ಹುಳ ಗೂಡು ಕಟ್ಟುವ ಬಿದಿರ ಚಂದ್ರಿಕೆ ನೋಡಿ ಬೆಲೆ ಹೇಳುತ್ತಿದ್ದರು. ಮುಂಗಡ ಪಡೆದ ರೈತ ಎದುರು ಮಾತಾಡುವಂತಿರಲಿಲ್ಲ. 1959ರ ಕಾಯಿದೆ ಬಿತ್ತನೆ, ಗೂಡು, ನೂಲು ಮೂರನ್ನೂ ಹತೋಟಿಗೆ ತಂದು ಗೂಡನ್ನು ಬಹಿರಂಗ ಹರಾಜಿಗೆ ತಂದಿತು. ರೈತನಿಗೆ ಅದರಿಂದ ಆದ ಉಪಕಾರ ದೊಡ್ಡದು. ಒಬ್ಬರ ಬೆರಳು ಒತ್ತುತ್ತಿದ್ದ ಗೂಡನ್ನು ಹತ್ತು ಜನರ ಬೆರಳು ಒತ್ತುವಂತಾಯಿತು.

ಸೊಪ್ಪಿನ ಕಡೆಯೂ ಒಬ್ಬರು ಹತ್ತಿರ ಹೋಗಿ ನೋಡಿದರು. ಚನ್ನಪಟ್ಟಣ ಬಳಿಯ ಕಣ್ವದ ಫಾರಂನಲ್ಲಿ, ನಾಟಿ ಮೈಸೂರು ಹಿಪ್ಪುನೇರಳೆಯ ಗಿಡಗಳ ನಡುವೆ ಎಲೆ ದಪ್ಪವಾಗಿ, ಇಳುವರಿ ಹೆಚ್ಚಾಗಿ ಬರುತ್ತಿದ್ದ ಗಿಡವನ್ನು ಆರಿಸಿ ಬೆಳೆಸಿದರು. ಕಣ್ವ-2, ಎಂ-5 ಎಂಬ ಹೆಸರಿನಲ್ಲಿ ಅದು ಕರ್ನಾಟಕವನ್ನೂ ದಾಟಿ ನೆರೆರಾಜ್ಯಗಳ ತೋಟಗಳಿಗೂ ಹೋಯಿತು. ನಮ್ಮ ಮನೆಯ ಹಿಂದಿನ ತೋಟವೂ ಎಂ-5. ನಂತರ ವಿ-1 ಬಂತು, ಎಲೆ ಇನ್ನೂ ದೊಡ್ಡದು. ಇದರ ನಡುವೆ, 1980ರಲ್ಲಿ, ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ನೊಣ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಹುಳವನ್ನು ತಿಂದು ಗೂಡು ತೂತು ಮಾಡಿ ಹೊರಬರುತ್ತದೆ. ಹುಳದ ಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಬಂದದ್ದು ಆಮೇಲೆ.

ಹುಳಕ್ಕೆ, ಸೊಪ್ಪಿಗೆ, ರೋಗಕ್ಕೆ ಹೀಗೆ ಒಂದೊಂದಾಗಿ ನೋಡುವ ಕಣ್ಣು ದೊರೆಯಿತು. ಎಳೆಗೆ ಸಿಕ್ಕಿದ್ದು ಕಟ್ಟಕಡೆಗೆ. ಅಲ್ಲಿಯವರೆಗೆ ಒಂದು ಗೂಡಿನಿಂದ ಎಷ್ಟು ಮೀಟರ್ ಬಿಚ್ಚಿತು, ದಪ್ಪ ಎಷ್ಟು ಡೀನಿಯರ್, ಒಂದು ಕಿಲೊ ನೂಲಿಗೆ ಎಷ್ಟು ಕಿಲೊ ಗೂಡು ಬೇಕಾಯಿತು, ಇಷ್ಟೇ ಲೆಕ್ಕ. ಎಳೆಯ ಒಳಗೆ ಏನಿದೆ ಎಂದು ತಿಳಿಯಲು ಎಕ್ಸ್-ರೇ ಬೇಕಾಯಿತು. 1955ರಲ್ಲಿ ಅಮೆರಿಕದಲ್ಲಿ ಮಾರ್ಷ್, ಕೋರಿ ಮತ್ತು ಲೈನಸ್ ಪಾಲಿಂಗ್ ರೇಷ್ಮೆಯ ಪ್ರೋಟೀನಾದ ಫೈಬ್ರಾಯಿನ್‌ನ ರಚನೆ ಬಿಡಿಸಿದರು. ಅಮೈನೊ ಆಮ್ಲಗಳ ಸರಪಳಿಗಳು ಪಕ್ಕಪಕ್ಕದಲ್ಲಿ ಮಲಗಿ, ಹೈಡ್ರೋಜನ್ ಬಂಧಗಳಿಂದ ಹಾಳೆಯಂತೆ ಹೆಣೆದುಕೊಂಡು, ಹಾಳೆಗಳ ಮೇಲೆ ಹಾಳೆ ಒಟ್ಟಿಕೊಂಡಿವೆ. ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಆರ್. ಸೋಮಶೇಖರ್ ಮತ್ತು ಅವರ ವಿದ್ಯಾರ್ಥಿಗಳು ನಮ್ಮದೇ ತಳಿಗಳ ಎಳೆಗಳನ್ನು, ಶುದ್ಧ ಮೈಸೂರನ್ನೂ ಸೇರಿಸಿ, ಎಕ್ಸ್-ರೇಗೆ ಒಡ್ಡಿ ಸ್ಫಟಿಕದ ಗಾತ್ರ ಲೆಕ್ಕ ಹಾಕಿದರು. ಆ ಪ್ರಬಂಧಗಳಲ್ಲಿ ಶುದ್ಧ ಮೈಸೂರಿನ ಹೆಸರು ಕಂಡಾಗ ನನಗಾದ ಹೆಮ್ಮೆ ಹೇಳತೀರದು. ಆದರೆ ಎಕ್ಸ್-ರೇ ಕೊಡುವುದು ಲಕ್ಷಾಂತರ ಸ್ಫಟಿಕಗಳ ಸರಾಸರಿ. ಈ ಒಂದು ಜಾಗದಲ್ಲಿ ಏನಿದೆ ಎಂದು ಅದು ಹೇಳಲಾರದು.

ಅದಕ್ಕೆ ಬಂದದ್ದು ಎಎಫ್‌ಎಂ. ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗೆರ್ಬರ್ ಈ ಮೂವರು 1986ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಅದಕ್ಕೆ ಐದು ವರ್ಷ ಮೊದಲೇ ಬಿನ್ನಿಗ್ ಮತ್ತು ಹೈನ್‌ರಿಖ್ ರೋರರ್ ಟನಲಿಂಗ್ ಸೂಕ್ಷ್ಮದರ್ಶಕ ಕಟ್ಟಿದ್ದರು. ಅದಕ್ಕೆ ಆ 1986ರಲ್ಲೇ ನೊಬೆಲ್ ಬಂತು. ಟನಲಿಂಗ್ ಯಂತ್ರಕ್ಕೆ ವಿದ್ಯುತ್ ಹರಿಯುವ ವಸ್ತುವೇ ಬೇಕು. ರೇಷ್ಮೆ, ಕೂದಲು, ಮೂಳೆ, ಜೀವಕೋಶದ ಪೊರೆ, ಜೀವಲೋಕದ ಬಹುಪಾಲು ವಸ್ತುಗಳಲ್ಲಿ ವಿದ್ಯುತ್ ಹರಿಯದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಡಬೇಕಾದರೆ ಅವನ್ನು ನಿರ್ವಾತದಲ್ಲಿ ಒಣಗಿಸಿ ಲೋಹದ ಲೇಪ ಕೊಡಬೇಕು. ಎಎಫ್‌ಎಂಗೆ ಇದು ಯಾವುದೂ ಬೇಡ. ಮಾದರಿ ಗಾಳಿಯಲ್ಲೇ ಇರಲಿ, ನೀರಿನಲ್ಲೇ ಇರಲಿ, ನಡೆಯುತ್ತದೆ. ಹಸಿ ವಸ್ತುವನ್ನು ಹಸಿಯಾಗಿಯೇ ಮುಟ್ಟಿ ನೋಡಬಹುದು. ಜೀವವಸ್ತುಗಳ ಅಧ್ಯಯನದಲ್ಲಿ ಇದಕ್ಕೆ ಸಿಕ್ಕ ಮರ್ಯಾದೆಗೆ ಕಾರಣ ಇದೇ.

ಯಂತ್ರದ ಹೃದಯ ಒಂದು ಸಣ್ಣ ತೊಲೆ. ಸಿಲಿಕಾನಿನದು, ಉದ್ದ ನೂರು ಇನ್ನೂರು ಮೈಕ್ರೋಮೀಟರ್, ಒಂದು ತುದಿ ಮಾತ್ರ ಭದ್ರ. ಇನ್ನೊಂದು ತುದಿಯ ಅಡಿಯಲ್ಲಿ ಸೂಜಿ, ಅದರ ಮೊನೆಯ ದುಂಡು ಹತ್ತು ನ್ಯಾನೊಮೀಟರಿನಷ್ಟು ಅಥವಾ ಅದಕ್ಕೂ ಕಡಿಮೆ. ಕಣ್ಣು ಕಾಣದವರು ಕೋಲು ತಡವುತ್ತ ದಾರಿ ಅರಿಯುವಂತೆ ಸೂಜಿ ಮೇಲ್ಮೈಯನ್ನು ಸಾಲು ಸಾಲಾಗಿ ತಡವಿಕೊಂಡು ಹೋಗುತ್ತದೆ. ಉಬ್ಬು ಬಂದಾಗ ತೊಲೆ ಬಾಗುತ್ತದೆ. ತೊಲೆಯ ಬೆನ್ನ ಮೇಲೆ ಬಿದ್ದ ಲೇಸರ್ ಕಿರಣ ಪಕ್ಕಕ್ಕೆ ಸರಿಯುತ್ತದೆ, ಎದುರಿನ ಬೆಳಕಿನ ಸಂವೇದಕ ಆ ಸರಿತವನ್ನು ಅಳೆಯುತ್ತದೆ. ಇನ್ನೂರೈವತ್ತಾರೋ ಐನೂರ ಹನ್ನೆರಡೋ ಸಾಲು ಮುಗಿದ ಮೇಲೆ ಪರದೆಯಲ್ಲಿ ಮೇಲ್ಮೈಯ ನಕ್ಷೆ ನಿಲ್ಲುತ್ತದೆ. ಸೂಜಿಯನ್ನು ಒಂದೇ ಜಾಗದಲ್ಲಿ ಒತ್ತಿ ಹಿಂತೆಗೆದರೆ ಆ ಜಾಗ ಎಷ್ಟು ಗಟ್ಟಿ, ಎಷ್ಟು ಜಿಗುಟು ಎಂಬುದೂ ಸಿಗುತ್ತದೆ. ರಾಮನಗರದ ರೀಲರು ಗೂಡನ್ನು ಒತ್ತಿ ಕೇಳುವ ಪ್ರಶ್ನೆಯೂ ಇದೇ. ಇಂಥ ಯಂತ್ರಗಳು ಈಗ ಬೆಂಗಳೂರಿನ ಹಲವು ಸಂಸ್ಥೆಗಳಲ್ಲಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರಕ್ಕೆ ಹೊರಗಿನವರೂ ಮಾದರಿ ಒಯ್ದು ನೋಡಿಸಿಕೊಳ್ಳಬಹುದು.

ಒಂದು ಎಳೆಯನ್ನು ಹೇಗೆ ಇಡುತ್ತೇವೆಂದು ಹೇಳುತ್ತೇನೆ. ಗೂಡಿನ ಹೊರಗಿನ ಸಡಿಲ ಎಳೆಗಳಾದ ನಯ ಬಿಡಿಸಿ, ನಡುಪದರದಿಂದ ಒಂದೆರಡು ಸೆಂಟಿಮೀಟರ್ ಎಳೆ ತೆಗೆಯುತ್ತೇನೆ. ಹುಳಕ್ಕೆ ಎರಡು ರೇಷ್ಮೆ ಗ್ರಂಥಿಗಳು, ಹಾಗಾಗಿ ಒಂದು ಎಳೆಯೊಳಗೆ ಎರಡು ನಾರು. ಪ್ರತಿಯೊಂದೂ ಸುಮಾರು ಹತ್ತು ಮೈಕ್ರೋಮೀಟರ್ ದಪ್ಪ, ಅಡ್ಡ ಸೀಳಿದರೆ ಮೂಲೆ ಮೊಂಡಾದ ತ್ರಿಕೋನ. ಎರಡನ್ನೂ ಸುತ್ತಿ ಸೆರಿಸಿನ್ ಎಂಬ ಅಂಟು, ತೂಕದಲ್ಲಿ ಕಾಲು ಭಾಗದಷ್ಟು. ಗೂಡಿನ ಹಳದಿ, ಹಸಿರು ಬಣ್ಣವೆಲ್ಲ ಹೆಚ್ಚಾಗಿ ಈ ಅಂಟಿನಲ್ಲೇ ಇರುವುದರಿಂದ ಸೋಡಾ ನೀರಿನಲ್ಲಿ ಕುದಿಸಿದರೆ ಎಳೆ ಬೆಳ್ಳಗಾಗುತ್ತದೆ. ಕುದಿಸದ ಎಳೆಯನ್ನು ಮೊದಲು ಸೂಜಿಯಡಿ ಇಡುತ್ತೇನೆ: ಅಂಟು ಗಡ್ಡೆಗಡ್ಡೆಯಾಗಿ, ಅಲ್ಲಲ್ಲಿ ಬಿರುಕು ಬಿಟ್ಟು ಕೂತಿದೆ, ಪಕ್ಕದ ಎಳೆಗೆ ತಾಗಿದ್ದ ಕಡೆ ಗಾಯದ ಗುರುತಿದೆ. ಕುದಿಸಿ ತೊಳೆದ ಎಳೆಯಲ್ಲಿ ಉದ್ದಕ್ಕೂ ಗೆರೆಗಳು. ಇನ್ನು ಟೇಪಿನಿಂದ ಎಳೆಯ ಮೇಲ್ಪದರವನ್ನು ಸುಲಿದು ಒಳಗನ್ನು ನೋಡಿದರೆ ನಾರು ಒಂದೇ ಗಟ್ಟಿ ಕಡ್ಡಿಯಲ್ಲ ಎಂಬುದು ಗೊತ್ತಾಗುತ್ತದೆ. ನೂರು ನ್ಯಾನೊಮೀಟರ್ ಆಸುಪಾಸಿನ ಸಾವಿರಾರು ಸಣ್ಣ ನಾರುಗಳು ಎಳೆಯ ದಿಕ್ಕಿನಲ್ಲೇ ಒತ್ತಾಗಿ ಮಲಗಿವೆ. 1999, 2000ದಲ್ಲಿ ಅಮೆರಿಕದ ಆಕ್ರನ್ ವಿಶ್ವವಿದ್ಯಾನಿಲಯದ ತಂಡ ಇದೇ ರೀತಿ ಸುಲಿದು, ಎಎಫ್‌ಎಂನಲ್ಲಿ ಕಂಡದ್ದನ್ನು ಎಕ್ಸ್-ರೇ ಜೊತೆ ತಾಳೆ ನೋಡಿತ್ತು. ಅವರ ಚಿತ್ರಗಳನ್ನು ಓದಿ ತಿಳಿದಿದ್ದೆ. ಮಾಗಡಿ ಕಡೆಯ ಗೂಡಿನ ಎಳೆಯಲ್ಲಿ ಅದೇ ಸಾಲುಗಳು ನನ್ನ ಪರದೆಯ ಮೇಲೆ ಒಂದೊಂದಾಗಿ ಇಳಿದು ಬಂದಾಗ ಕುರ್ಚಿಯಿಂದ ಎದ್ದು ನಿಂತೇ ನೋಡಿದೆ.

ಒಂದು ಫೈಬ್ರಾಯಿನ್ ಅಣುವಿನ ದೊಡ್ಡ ಸರಪಳಿಯಲ್ಲಿ 5,263 ಅಮೈನೊ ಆಮ್ಲಗಳಿವೆ. ಅದರ ಜೀನ್ ಪೂರ್ತಿ ಓದಿದ್ದು 2000ದಲ್ಲಿ. ಗ್ಲೈಸೀನ್, ಅಲನೀನ್, ನಡುನಡುವೆ ಸೆರೀನ್ ಎಂಬ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಸೂಜಿಯ ಮೊನೆಗೆ ಅಣುವಿನ ಒಂದು ತುದಿ ಅಂಟಿಸಿಕೊಂಡು ಎಳೆದು, ಮಡಿಕೆಗಳು ಒಂದೊಂದಾಗಿ ಬಿಚ್ಚುವ ಬಲವನ್ನೂ ಅಳೆಯುತ್ತಾರೆ. 1997ರಲ್ಲಿ ಸ್ನಾಯುವಿನ ಟೈಟಿನ್ ಪ್ರೋಟೀನಿಗೆ ಹೀಗೆ ಮಾಡಿದರು, 2002ರಲ್ಲಿ ಹೆಲೆನ್ ಹನ್ಸ್ಮಾ ಅವರ ಗುಂಪು ಜೇಡದ ರೇಷ್ಮೆಗೆ ಮಾಡಿತು. ಗ್ರಾಫಿನಲ್ಲಿ ಗರಗಸದ ಹಲ್ಲುಗಳು ಮೂಡುತ್ತವೆ. ಒಂದು ಹಲ್ಲೆಂದರೆ ಒಂದು ಮಡಿಕೆ ಬಿಚ್ಚಿತು ಎಂದರ್ಥ.

ಈ ಎಲ್ಲ ಅಧ್ಯಯನಗಳು ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಚಂದ್ರಿಕೆಯ ಮುಂದೆ. ಗ್ರಂಥಿಯೊಳಗೆ ಇರುವಾಗ ರೇಷ್ಮೆ ಎಳೆಯೇ ಅಲ್ಲ, ಮಂದ ದ್ರವ. ಹುಳ ಅದನ್ನು ಒತ್ತಿ ಹೊರಗೆ ದಬ್ಬುವುದಿಲ್ಲ. ತುದಿಯನ್ನು ಚಂದ್ರಿಕೆಗೆ ಅಂಟಿಸಿ, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಎಳೆದುಕೊಳ್ಳುತ್ತದೆ. ಎಳೆದಾಗ ಕಿರಿದಾದ ನಾಳದೊಳಗೆ ದ್ರವ ಹಿಗ್ಗಿ, ಸರಪಳಿಗಳು ಸಾಲಿಗೆ ಬಂದು, ನೀರು ಬಿಟ್ಟು ಗಟ್ಟಿಯಾಗುತ್ತವೆ. ಆಕ್ಸ್‌ಫರ್ಡಿನ ಷಾವೊ ಮತ್ತು ವೊಲ್‌ರಾತ್ 2002ರಲ್ಲಿ ಹುಳದ ಬಾಯಿಂದ ಎಳೆಯನ್ನು ಒಂದೇ ವೇಗದಲ್ಲಿ ಯಂತ್ರದಿಂದ ಎಳೆದು ತೋರಿಸಿದರು: ಬೇಗ ಎಳೆದರೆ ಬಲ ಹೆಚ್ಚು, ನಿಧಾನ ಎಳೆದರೆ ಹಿಗ್ಗು ಹೆಚ್ಚು. ಅದೇ ಹುಳ, ಅದೇ ಸೊಪ್ಪು, ಅದೇ ಪ್ರೋಟೀನು, ಆದರೂ ಎಳೆ ಬೇರೆ. ಅಂದರೆ ಎಳೆಯ ಗುಣದ ದೊಡ್ಡ ಪಾಲು ತೀರ್ಮಾನವಾಗುವುದು ಹುಳ ಗೂಡು ಕಟ್ಟುವ ಆ ಎರಡು ಮೂರು ದಿನಗಳಲ್ಲಿ.

ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ ಬಿಡುವುದು ನಮ್ಮ ಮನೆಯಲ್ಲಿ ಅಜ್ಜಿಯ ಕೆಲಸವಾಗಿತ್ತು. ಹುಳವನ್ನು ಬೆಳಕಿಗೆ ಹಿಡಿದು, ಕೊರಳ ಹತ್ತಿರ ತಿಳಿಯಾಗಿದೆಯೇ ಎಂದು ನೋಡಿ, ಬಿಡುತ್ತಿದ್ದಳು. ಒತ್ತೊತ್ತಾಗಿ ಬಿಟ್ಟರೆ ಜೋಡಿ ಗೂಡಾಗುತ್ತದೆಂದು ಬೈಯುತ್ತಿದ್ದಳು. ಆ ಬಿದಿರ ಚಂದ್ರಿಕೆಗಳು ಬಾಡಿಗೆಯವು, ಊರಿಂದೂರಿಗೆ ತಿರುಗುತ್ತಿದ್ದವು. ಬಂದ ಕೂಡಲೇ ಅಜ್ಜಿ ಅವನ್ನು ಬೆಂಕಿಯ ಮೇಲೆ ಹಾಯಿಸಿ ಹಳೆಯ ನಯ ಸುಡಿಸುತ್ತಿದ್ದಳು. ಗೂಡು ಕಟ್ಟುವ ಮುಂಚೆ ಹುಳ ಮೈಯ ನೀರನ್ನೆಲ್ಲ ಬಿಡುತ್ತದೆ. ಆ ನೀರು ಕೆಳಗಿಳಿದು ಹೋಗುವಂತೆ, ಗಾಳಿ ಆಡುವಂತೆ, ಬಿಸಿಲು ತಾಗದಂತೆ ಚಂದ್ರಿಕೆಯನ್ನು ಓರೆಯಾಗಿ ನಿಲ್ಲಿಸಬೇಕು. ಶೇಕಡ 60ರಿಂದ 70ರಷ್ಟು ತೇವ, 24–25 ಡಿಗ್ರಿ ಶಾಖ ಇರಲಿ ಎಂದು ಇಲಾಖೆಯ ಕರಪತ್ರ ಹೇಳುವುದನ್ನೇ ಅವಳು ಅಂಗೈ ಹಿಡಿದು ಅಳೆಯುತ್ತಿದ್ದಳು. ತೇವ ಹೆಚ್ಚಾದರೆ ಅಂಟು ತಡವಾಗಿ ಒಣಗಿ ಪದರಕ್ಕೆ ಪದರ ಹಿಡಿದುಕೊಳ್ಳುತ್ತದೆ. ಬಿಸಿನೀರಿನ ಬಟ್ಟಲಲ್ಲಿ ಆ ಗೂಡು ಸಲೀಸಾಗಿ ಬಿಚ್ಚದೆ ಎಳೆ ಮತ್ತೆ ಮತ್ತೆ ಕಡಿಯುತ್ತದೆ. ಕಡಿದ ಎಳೆ ಹುಡುಕುತ್ತ ಬೆರಳು ಬೇಯಿಸಿಕೊಳ್ಳುವವರು ರಾಮನಗರದ ಬಿಚ್ಚಾಣಿಕೆ ಮನೆಗಳ ಹೆಂಗಸರು, ಅವರಲ್ಲಿ ಹೆಚ್ಚಿನವರು ಮುಸ್ಲಿಂ ಕುಟುಂಬಗಳವರು. ಮರಳವಾಡಿಯ ಒಂದು ಮಳೆಯ ರಾತ್ರಿಗೂ ರಾಮನಗರದ ಒಬ್ಬಳ ಬೆರಳಿಗೂ ನಂಟು ಹೀಗಿದೆ. ಎಎಫ್‌ಎಂನಲ್ಲೂ ತೇವದ್ದೇ ಆಟ. ಮಳೆಗಾಲದಲ್ಲಿ ಸೂಜಿಗೂ ಮಾದರಿಗೂ ನಡುವೆ ಕಣ್ಣಿಗೆ ಕಾಣದ ನೀರಿನ ಪದರ ಕೂತು ಸೂಜಿ ಕಚ್ಚಿಕೊಳ್ಳುತ್ತದೆ. ಕೋಣೆಯ ತೇವ ಹಿಡಿತಕ್ಕೆ ಬಂದ ಮೇಲಷ್ಟೇ ಜಿಗುಟಿನ ಅಳತೆಯನ್ನು ನಂಬಬಹುದು.

ನನ್ನ ಆತಂಕ ಶುದ್ಧ ಮೈಸೂರಿನ ಬಗ್ಗೆ. ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಪ್ರದೇಶದಲ್ಲಿ ಇದನ್ನು ಬಿತ್ತನೆಗೆಂದೇ ಸಾಕುತ್ತಾರೆ. ಇದರ ಹೆಣ್ಣಿಗೆ, ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ದ್ವಿತಳಿಯ ಗಂಡನ್ನು ಕೂಡಿಸಿದಾಗ ಮಾರುಕಟ್ಟೆಯ ಹಳದಿ ಮಿಶ್ರತಳಿ ಗೂಡು ಹುಟ್ಟುತ್ತದೆ. ಬಿತ್ತನೆಯ ಚಿಟ್ಟೆ ಹೊರಬಂದ ಮೇಲೆ ತೂತಾದ ಶುದ್ಧ ಮೈಸೂರು ಗೂಡು ಸ್ಪನ್ ಸಿಲ್ಕಿಗೆ ಹೋಗುತ್ತದೆ. ಇದರ ಎಳೆ ನಾನೂರು ಮೀಟರ್ ಮುಟ್ಟಿದರೆ ಹೆಚ್ಚು, ದ್ವಿತಳಿಯದು ಸಾವಿರ ದಾಟುತ್ತದೆ. ಹಾಗಾಗಿ ಎರಡು ಶತಮಾನ ಈ ನೆಲದ ಬಿಸಿಲು, ರೋಗ, ಬಡ ಸೊಪ್ಪು ಎಲ್ಲವನ್ನೂ ತಾಳಿಕೊಂಡ ಹುಳದ ಎಳೆಯನ್ನು ಇವತ್ತು ಎಳೆಯಾಗಿ ಬಿಚ್ಚುವವರೇ ಅಪರೂಪ. 1997ರ ನಂತರ ಜಪಾನಿನ ಸಹಕಾರದಿಂದ ಬಂದ ಸಿಎಸ್‌ಆರ್ ಹೆಸರಿನ ದ್ವಿತಳಿಗಳು ರೈತರಿಗೆ ಒಳ್ಳೆಯ ಬೆಲೆ ತಂದುಕೊಟ್ಟಿವೆ, ಅದು ಬೇಡವೆನ್ನುವವಳು ನಾನಲ್ಲ. ಆದರೆ ಮಿಶ್ರತಳಿಯನ್ನು ಪೂರ್ತಿ ಬಿಟ್ಟರೆ ಬಿತ್ತನೆ ಪ್ರದೇಶದ ಅಗತ್ಯವೂ ಬೀಳುತ್ತದೆ, ಆಗ ಈ ಹುಳ ಸಂಶೋಧನಾ ಕೇಂದ್ರದ ತಟ್ಟೆಗಳಲ್ಲಿ ಮಾತ್ರ ಉಳಿದೀತು. ಅದಕ್ಕೆ ಮುಂಚೆ ಇದರ ಅಂಟು, ನಾರು, ಬಲ ಎಲ್ಲವೂ ನಮ್ಮ ಕೈಯಿಂದಲೇ, ನಮ್ಮ ಊರಿನ ಋತುಗಳಲ್ಲಿ ಅಳತೆಗೆ ಬರಬೇಕು ಎಂಬುದು ನನ್ನ ಹಟ.

ಆಷಾಢದ ಒಂದು ಬೆಳೆ, ಮಾಘದ ಒಂದು ಬೆಳೆ ತೆಗೆದುಕೊಂಡು ಅಂಟಿನ ಜಿಗುಟನ್ನು ಹೋಲಿಸುವುದೆಂದು ಇಟ್ಟುಕೊಂಡಿದ್ದೇನೆ. ಮಾಗಡಿ ಕಡೆಯ ಬಿತ್ತನೆ ಬೆಳೆಗಾರರೊಬ್ಬರು ಗೂಡು ಕೊಡಲು ಒಪ್ಪಿದ್ದಾರೆ. ಬಿಡಿಸುವ ದಿನ ಚಂದ್ರಿಕೆಯ ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು ಮೂರನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಮೇಲೆ ಪೆನ್ಸಿಲಿನಲ್ಲಿ ಬರೆದಿಡಲು ಹೇಳಿದೆ. ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ದವರು, ಗೋಡೆ ಕಡೆಯ ಮಗ್ಗುಲು ಮತ್ತು ಬಾಗಿಲ ಕಡೆಯ ಮಗ್ಗುಲನ್ನೂ ಬೇರೆ ಕಟ್ಟಬೇಕು, ಗಾಳಿ ಎರಡಕ್ಕೂ ಒಂದೇ ತರಹ ಹೊಡೆಯುವುದಿಲ್ಲ ಎಂದರು. ಈಗ ಪೊಟ್ಟಣ ಆರಾಗಿವೆ.